ಬೆಲಾರ್ಮಿನೊ ಅಜ್ಜ ಮನೆ ಸಾಗಿಸಿದ್ದು

ತಾಂಕೊಯ್ ದ್ವೀಪದಲ್ಲಿ ಹುಟ್ಟಿದ ಗಂಡಸರು ಒಂದೋ ಸಮುದ್ರಕ್ಕೆ ಹೋಗುತ್ತಾರೆ, ಇಲ್ಲವೇ ದಕ್ಷಿಣದ ಬಯಲಿಗೆ ಕುರಿಯ ಉಣ್ಣೆ ಕತ್ತರಿಸಲು ಹೋಗುತ್ತಾರೆ. ಬೆಲಾರ್ಮಿನೊ ಚಿಗುವಾಯ್ ಎಲ್ಲಿಗೂ ಹೋಗಲಿಲ್ಲ. ಅವನ ಮನೆ ಮಾತ್ರ ಒಂದು ಕಡೆ ನಿಂತದ್ದಿಲ್ಲ.

ಮೊಮ್ಮಗಳು ಇಸ್ಮೆನಿಯಾಗೆ ಚಿಕ್ಕಂದಿನಲ್ಲಿ ಇದೇನೂ ವಿಚಿತ್ರ ಅನ್ನಿಸಿರಲಿಲ್ಲ. ಅವಳ ಅಪ್ಪ ಅಮ್ಮ ಇಬ್ಬರೂ ಆ ಕುರಿಗಳ ಬಯಲಿನಲ್ಲೇ ಕೆಲಸ ಹಿಡಿದು ಚಳಿಗಾಲಕ್ಕೊಮ್ಮೆ ಬಂದುಹೋಗುತ್ತಿದ್ದರು. ಅವಳು ಬೆಳೆದದ್ದು ಅಜ್ಜ ಬೆಲಾರ್ಮಿನೊ, ಅಜ್ಜಿ ದೊಮಿತಿಲಾ ಇವರ ಕೈಯಲ್ಲಿ. ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು "ನಿಮ್ಮ ಮನೆ ಎಲ್ಲಮ್ಮಾ?" ಎಂದು ಕೇಳಿದಾಗ ಅವಳು, "ಸದ್ಯಕ್ಕೆ ಸೇಬಿನ ತೋಪಲ್ಲಿದೆ ಸಾರ್" ಎಂದಳು. ತಲೆಹರಟೆ ಮಾಡುತ್ತಾಳೆಂದು ಮೇಷ್ಟ್ರು ಅವಳ ಕಿವಿ ಹಿಂಡಿದರು. "ನಿಜ ಸಾರ್, ಹೋದ ವರ್ಷ ಗುಡ್ಡದ ಮೇಲಿತ್ತು" ಎಂದು ಇಡೀ ತರಗತಿ ಸಾಕ್ಷಿ ಹೇಳಿದ ಮೇಲೆ ಕಿವಿ ಬಿಟ್ಟರು.

ತಾಂಕೊಯ್ ಸೇರಿದ ಚಿಲೊಯೆಯ ದ್ವೀಪಗಳಲ್ಲಿ ಮನೆಗಳೆಲ್ಲ ಮರದವು. ಗೋಡೆ ಮರ, ನೆಲ ಮರ, ಮಾಡಿನ ಮೇಲೆ ಹೊದಿಸುವುದೂ ಮರದ ಚೂರು ಹಲಗೆಗಳನ್ನೇ. ದಪ್ಪ ಕೊರಡುಗಳ ಮೇಲೆ ಮನೆ ಸುಮ್ಮನೆ ಕೂತಿರುತ್ತದೆ. ಜಾಗ ಸರಿಬರದಿದ್ದರೆ ಮನೆಯ ಅಡಿಗೆ ಉದ್ದನೆಯ ಎರಡು ತೊಲೆ ಕೊಟ್ಟು, ಎತ್ತುಗಳನ್ನು ಹೂಡಿ, ಮನೆಯನ್ನೇ ಬೇರೆ ಜಾಗಕ್ಕೆ ಎಳೆದುಕೊಂಡು ಹೋಗುತ್ತಾರೆ. ಇದಕ್ಕೆ ಮಿಂಗಾ ಎನ್ನುತ್ತಾರೆ. ಊರಿಗೆ ಊರೇ ಮುಯ್ಯಾಳಾಗಿ ಬರುತ್ತದೆ. ಕೂಲಿ ಇಲ್ಲ, ಹೊಟ್ಟೆ ಬಿರಿಯುವಷ್ಟು ಊಟ ಹಾಕಿದರಾಯಿತು. ಬೇರೆಯವರು ತೀರ ಕಷ್ಟ ಬಂದರೆ ಬದುಕಿನಲ್ಲಿ ಒಮ್ಮೆ ಹೀಗೆ ಮಾಡುತ್ತಾರೆ. ಬೆಲಾರ್ಮಿನೊಗೆ ಅದೊಂದು ಚಟ.

ಮೊದಲ ಸಲ ಅವನು ಮನೆ ಎಳೆಸಿದ್ದು ಮದುವೆಯಾದ ಹೊಸತರಲ್ಲಿ. ಆಗ ಅವನ ಮನೆಯೂ ಅವನ ತಾಯಿ ರೊಸಾಲ್ಬಾಳ ಮನೆಯೂ ಅಕ್ಕಪಕ್ಕ. ಎರಡು ಅಡುಗೆಮನೆಗಳ ಕಿಟಕಿಗಳು ಎದುರುಬದುರು.

"ದೊಮಿತಿಲಾ, ಸಾರಿಗೆ ಉಪ್ಪು ಹಾಕಿದ್ಯಾ?"

"ಹಾಕಿದೆ ಅತ್ತೆ."

"ಜಾಸ್ತಿ ಹಾಕಿದ್ದೀಯ. ವಾಸನೇಲೇ ಗೊತ್ತಾಗುತ್ತೆ."

ಉಪ್ಪಿಗೂ ವಾಸನೆ ಇದೆಯೆಂದು ದೊಮಿತಿಲಾಗೆ ಗೊತ್ತಾದದ್ದು ಮದುವೆಯಾದ ಮೇಲೆಯೇ. ಒಂದಷ್ಟು ಕಾಲ ಹಲ್ಲು ಕಚ್ಚಿಕೊಂಡಿದ್ದಳು. ಆಮೇಲೆ ಗಂಡನನ್ನು ಹಿಡಿದು ನಿಲ್ಲಿಸಿ, "ಒಂದೋ ನಿಮ್ಮಮ್ಮ ಆ ಕಿಟಕಿ ಮುಚ್ಚಬೇಕು, ಇಲ್ಲಾ ನಾನು ಬಾಯಿ ಬಿಡಬೇಕು. ಯಾವ್ದಾಗ್ಲಿ ನೀನೇ ಹೇಳು" ಎಂದಳು. ತಾಯಿಯ ಕಿಟಕಿಯ ತಂಟೆಗೆ ಹೋಗುವ ಧೈರ್ಯ ಬೆಲಾರ್ಮಿನೊಗೆ ಇರಲಿಲ್ಲ. ಹೆಂಡತಿಯ ಬಾಯಿಯ ತಂಟೆಗೆ ಹೋಗುವ ಧೈರ್ಯವಂತೂ ಇರಲೇ ಇಲ್ಲ. ಟೋಪಿ ಕೈಯಲ್ಲಿ ಹಿಡಿದು ಮನೆಮನೆಗೆ ಹೋಗಿ ಮುಯ್ಯಾಳುಗಳನ್ನು ಬೇಡಿಕೊಂಡು ಬಂದ. ಮನೆಯನ್ನು ಗುಡ್ಡದ ತಲೆಗೆ ಹತ್ತಿಸಿಬಿಟ್ಟ.

ಅದರಿಂದ ಪ್ರಯೋಜನವೇನೂ ಆಗಲಿಲ್ಲ. ಗಾಳಿ ಕೆಳಗಿನಿಂದ ಗುಡ್ಡದ ಕಡೆಗೆ ಬೀಸುತ್ತಿತ್ತು. ರೊಸಾಲ್ಬಾ ತನ್ನ ಕಿಟಕಿಯಿಂದ ಕೂಗಿದ್ದು ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತಿತ್ತು.

ಅದೇ ಗಾಳಿಯಲ್ಲಿ ಬೆಲಾರ್ಮಿನೊನ ಮಗಳು ಹುಟ್ಟಿ ಬೆಳೆದು ಮದುವೆಯಾದಳು. ಇಸ್ಮೆನಿಯಾ ಹುಟ್ಟಿದಳು. ಒಂದು ವರ್ಷ ಆ ಗಾಳಿ ಕೋಳಿಗೂಡನ್ನು ಕೋಳಿಗಳ ಸಮೇತ ಎತ್ತಿಕೊಂಡು ಹೋಯಿತು. ಇನ್ನೊಂದು ದಿನ, ಒಣಹಾಕಿದ್ದ ಬೆಲಾರ್ಮಿನೊನ ಉದ್ದನೆಯ ಉಣ್ಣೆಯ ಚಡ್ಡಿ ಹಾರಿಹೋಗಿ ದೇವರ ಗುಡಿಯ ಶಿಲುಬೆಗೆ ಸಿಕ್ಕಿಹಾಕಿಕೊಂಡಿತು. ಅದು ಭಾನುವಾರ ಬೇರೆ. ಚಡ್ಡಿ ಯಾರದೆಂದು ಇಡೀ ದ್ವೀಪಕ್ಕೆ ಗೊತ್ತಿತ್ತು. ಮೊಣಕಾಲಿನ ತೇಪೆ ದೊಮಿತಿಲಾಳ ಹೊಲಿಗೆ. ಅದಾದ ಬೇಸಿಗೆಯಲ್ಲೇ ಮನೆ ಗುಡ್ಡ ಇಳಿದು ದಂಡೆಯ ಸೇಬಿನ ತೋಪಿಗೆ ಬಂತು.

ಬೆಲಾರ್ಮಿನೊ ದೋಣಿ ಕಟ್ಟುವ ಬಡಗಿ. ಬೇರೆ ಮರಗೆಲಸಕ್ಕೂ ಜನ ಅವನನ್ನೇ ಕರೆಯುತ್ತಿದ್ದರು, ಬೇರೆ ಬಡಗಿ ಇರಲಿಲ್ಲವಲ್ಲ. ಆದರೆ ಅವನ ಕೈಗೆ ನೇರ ಗೆರೆ ಒಗ್ಗುತ್ತಿರಲಿಲ್ಲ. ಮೇಜು ಮಾಡಿಕೊಡು ಅಂದರೆ ಅದಕ್ಕೊಂದು ಬಾಗು. ಬೀರು ಮಾಡಿಕೊಡು ಅಂದರೆ ಅದಕ್ಕೊಂದು ಹೊಟ್ಟೆ. ಅವನು ಮಾಡಿದ ತೊಟ್ಟಿಲನ್ನು ಒಮ್ಮೆ ತೂಗಿದರೆ ಸಾಕು, ಊಟ ಮಾಡಿ ಬರುವ ತನಕ ತೂಗುತ್ತಲೇ ಇರುತ್ತಿತ್ತು. ಇದಕ್ಕೆಲ್ಲ ಜನ ನಕ್ಕು ಸುಮ್ಮನಾಗುತ್ತಿದ್ದರು. ಅವನೂ ನಗುತ್ತಿದ್ದ. ಅವನ ಅಪ್ಪ ತೀರಿಕೊಂಡಾಗ ಮಾತ್ರ ಎಡವಟ್ಟಾಯಿತು.

ಅಪ್ಪನ ಶವಪೆಟ್ಟಿಗೆಯನ್ನು ಬೆಲಾರ್ಮಿನೊನೇ ಮಾಡಿದ. ಅಳುತ್ತ ಮಾಡಿದ. ಮನೆಯಲ್ಲಿದ್ದ ಒಳ್ಳೆಯ ಹಲಗೆಗಳನ್ನೆಲ್ಲ ಹಾಕಿ, ಸಂದುಗಳಿಗೆ ನಾರು ತುಂಬಿ, ಒಂದು ಹನಿ ನೀರು ಒಳಗೆ ಹೋಗದ ಹಾಗೆ ಮಾಡಿದ. ಅದನ್ನು ನಾಲ್ಕು ಜನ ಹೊತ್ತುಕೊಂಡು ಗುಡಿಯ ಅಂಗಳಕ್ಕೆ ತಂದಾಗ ಮುಂದುಗಡೆ ಚೂಪಾಗಿ, ನಡುವೆ ಅಗಲವಾಗಿ, ತಳದಲ್ಲಿ ಬಾಗಿಕೊಂಡು ಅದು ಇದ್ದದ್ದು ಎಲ್ಲರ ಕಣ್ಣಿಗೂ ಬಿತ್ತು. ಎಲ್ಲರೂ ಟೋಪಿ ತೆಗೆದು ತಲೆ ತಗ್ಗಿಸಿದರು. ಬೆಲಾರ್ಮಿನೊನ ಅಣ್ಣ ಎರಾಸ್ಮೊ ಮಾತ್ರ ನೋಡಿ ನೋಡಿ ತಡೆಯಲಾರದೆ, "ಅಪ್ಪನ್ನ ಮಣ್ಣು ಮಾಡ್ತಿದ್ದೀಯೋ, ಮೀನು ಹಿಡಿಯೋಕೆ ಕಳಿಸ್ತಿದ್ದೀಯೋ?" ಅಂದುಬಿಟ್ಟ.

ಎರಾಸ್ಮೊನ ಗಂಟಲು ದೊಡ್ಡದು. ಅವನು ಕಿರಿದಾದ ಸಮುದ್ರದ ಆಚೆ, ಪುಯ್ಲೆನ್ ಎಂಬ ಊರಲ್ಲಿದ್ದ. ಪಾದ್ರಿ ವರ್ಷಕ್ಕೊಮ್ಮೆ ಬರುವ ಆ ಊರಿನಲ್ಲಿ ಉಳಿದ ದಿನ ಪ್ರಾರ್ಥನೆ ಹೇಳಿಸುತ್ತಿದ್ದವನು ಅವನೇ. ಅವನು ಗುಟ್ಟಾಗಿ ಹೇಳಿದ್ದೂ ಹಿಂದಿನ ಸಾಲಿಗೆ ಕೇಳುತ್ತಿತ್ತು. ಅಳುತ್ತಿದ್ದ ಜನವೆಲ್ಲ ಒಮ್ಮೆಗೇ ಕಿಸಕ್ಕನೆ ನಕ್ಕಿತು. ಹೊತ್ತವರ ಭುಜ ಕುಲುಕಿ ಪೆಟ್ಟಿಗೆ ಅಲೆಯ ಮೇಲಿನ ದೋಣಿಯ ಹಾಗೆಯೇ ತೊನೆಯಿತು. ಅದನ್ನು ಕಂಡು ಜನ ಇನ್ನಷ್ಟು ನಕ್ಕರು.

ಆವತ್ತಿನಿಂದ ಬೆಲಾರ್ಮಿನೊ ಅಣ್ಣನ ಜೊತೆ ಮಾತು ಬಿಟ್ಟ. ಅಣ್ಣ ದೋಣಿಯಲ್ಲಿ ಬರುವುದು ಕಂಡರೆ ಇವನು ತನ್ನ ದೋಣಿ ತಿರುಗಿಸಿಬಿಡುತ್ತಿದ್ದ. ಮದುವೆ ನಾಮಕರಣಗಳಲ್ಲಿ ಒಂದೇ ಮೇಜಿಗೆ ಕೂರಬೇಕಾಗಿ ಬಂದರೆ ಮಧ್ಯದಲ್ಲಿ ಕೂತವರ ಊಟ ಹಾಳು. "ಅವನಿಗೆ ಹೇಳು, ಉಪ್ಪು ಈ ಕಡೆ ತಳ್ಳಲಿ." "ಅವನಿಗೆ ಹೇಳು, ಕೈ ಇದ್ರೆ ತಾನೇ ತಗೊಳ್ಳಲಿ." ಇಸ್ಮೆನಿಯಾಗೆ ತಿಳುವಳಿಕೆ ಬಂದಾಗಿನಿಂದ ಅಜ್ಜನ ಅಣ್ಣನಿಗೆ ಮನೆಯಲ್ಲಿದ್ದ ಹೆಸರು 'ಆಚೆ ದಡದವನು' ಎಂದೇ.

ಇಸ್ಮೆನಿಯಾ ಹದಿನಾರಕ್ಕೆ ಕಾಲಿಟ್ಟ ವರ್ಷ ದೊಮಿತಿಲಾಗೆ ಮೊಣಕಾಲು ನೋವು ಶುರುವಾಯಿತು. ತಾಂಕೊಯ್‌ನಲ್ಲಿ ಡಾಕ್ಟರಿಲ್ಲ. ಪುಯ್ಲೆನ್‌ನ ದೊಡ್ಡ ಕೊಲ್ಲಿಯ ತೆಂಕಣ ತುದಿಯಲ್ಲಿ ಹೊಸದಾಗಿ ಆಸ್ಪತ್ರೆ ಆಗಿತ್ತು. ಅದರ ಹತ್ತಿರವೇ ದೊಮಿತಿಲಾಗೆ ತೌರಿನಿಂದ ಬಂದ ಒಂದು ತುಂಡು ನೆಲವೂ ಇತ್ತು. ಕೊಲ್ಲಿಯ ಬಡಗಣ ತುದಿಯಲ್ಲಿ ಎರಾಸ್ಮೊನ ಮನೆ ಇದ್ದದ್ದು ನಿಜ. ಆದರೆ ನಡುವೆ ಸಮುದ್ರಕ್ಕೆ ಚಾಚಿದ ಒಂದು ಗುಡ್ಡ ಅಡ್ಡವಿತ್ತು. ಬೆಲಾರ್ಮಿನೊ ಹೋಗಿ ಅಲ್ಲಿ ನಿಂತು, ಕೂತು, ಕೊನೆಗೆ ಮರದ ಬುಡದ ಮೇಲೆ ಹತ್ತಿ ನೋಡಿ, ಅಣ್ಣನ ಮನೆಯ ಹೊಗೆ ಕೂಡ ಕಾಣುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಬಂದ.

"ಮನೇನ ಆಚೆ ದಡಕ್ಕೆ ತಗೊಂಡು ಹೋಗೋಣ" ಎಂದ, ಊಟಕ್ಕೆ ಕೂತಾಗ. ರೊಟ್ಟಿ ಇನ್ನೊಂದು ಹಾಕು ಎಂಬಷ್ಟೇ ಹಗುರವಾಗಿ.

ದೊಮಿತಿಲಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಏನ್ ಮುದುಕಾ, ಸಮುದ್ರ ಮಧ್ಯೆ ಇರೋದು ಮರೆತುಹೋಯ್ತಾ?"

"ಉಬ್ಬರ ಬಂದಾಗ ಪೀಪಾಯಿ ಕಟ್ಟಿ ತೇಲಿಸೋದು, ಲಾಂಚಿಗೆ ಕಟ್ಟಿ ಎಳೆಸೋದು. ಹಿಂದಿನೋರು ಮಾಡಿಲ್ವಾ? ನಿನ್ನ ಮೊಣಕಾಲಿಗೋಸ್ಕರಾನೇ ಹೇಳ್ತಿರೋದು ಮಾರಾಯ್ತಿ."

"ಮೊಣಕಾಲು ನಂದು. ಅದಕ್ಕೆ ಬೇಕಾದ್ರೆ ಅದೇ ಕೇಳುತ್ತೆ. ಗುಡ್ಡ ಹತ್ತಿಸಿದೆ, ಹತ್ತಿದೆ. ಇಳಿಸಿದೆ, ಇಳಿದೆ. ಇನ್ನು ಈ ಮನೆಯಿಂದ ಹೊರಗೆ ಕಾಲಿಡೋಳಲ್ಲ ನಾನು."

ಬೆಲಾರ್ಮಿನೊ ನಿಧಾನವಾಗಿ ಅಗಿದು ನುಂಗಿದ. "ಹೊರಗೆ ಇಡು ಅಂದೋರ್ಯಾರು? ಒಳಗೇ ಇರು."

ಅಜ್ಜ ತಮಾಷೆ ಮಾಡುತ್ತಿದ್ದಾನೆಂದು ಇಸ್ಮೆನಿಯಾ ಅಂದುಕೊಂಡಳು. ಅಜ್ಜಿಯ ಮುಖ ನೋಡಿದ ಮೇಲೆ ಅವಳಿಗೆ ಭಯವಾಯಿತು. ಅಜ್ಜಿ ಅದನ್ನು ಪಂಥವೆಂದು ತೆಗೆದುಕೊಂಡಿದ್ದಳು.

ಫೆಬ್ರವರಿಯ ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ದಿನ ಗೊತ್ತಾಯಿತು. ಬೆಳಗಿನಿಂದಲೇ ಜನ ನೆರೆದರು. ಎತ್ತುಗಳು ಬಂದವು. ಮನೆಯೊಳಗಿನ ಮೇಜು ಬೀರುಗಳನ್ನೆಲ್ಲ ಹೊರಗೆ ಸಾಗಿಸಿದರು. ಗೋಡೆಗಳು ನಲುಗದಂತೆ ಒಳಗಡೆ ಅಡ್ಡತೊಲೆ ಹೊಡೆದರು. ಕಬ್ಬಿಣದ ಒಲೆಯ ಹತ್ತಿರ ಬಂದಾಗ ಅದರ ಮುಂದೆ ದೊಮಿತಿಲಾ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಅಜ್ಜಿ, ಸ್ವಲ್ಪ ಏಳ್ತೀರಾ?" ಎಂದ ಒನೊಫ್ರೆ. ಲಾಂಚಿನ ಮಾಲೀಕ ಅವನು. ಊರಲ್ಲೆಲ್ಲ ಗಟ್ಟಿಗ ಎಂದು ಹೆಸರು.

"ಏಳಲ್ಲ."

ಒನೊಫ್ರೆ ಹೊರಗೆ ಹೋಗಿ ಬೆಲಾರ್ಮಿನೊನನ್ನು ಕೇಳಿದ. "ಹಾಗಿದ್ರೆ ಒಲೆ ಅಲ್ಲೇ ಇರಲಿ" ಎಂದ ಬೆಲಾರ್ಮಿನೊ.

"ಮತ್ತೆ ಅಜ್ಜಿ?"

"ಒಲೆ ಜೊತೆ ಇರ್ತಾಳೆ."

ಇಸ್ಮೆನಿಯಾ ಅಜ್ಜಿಯನ್ನು ಒಬ್ಬಳೇ ಬಿಡಲು ಮನಸ್ಸಾಗದೆ ತಾನೂ ಒಳಗೆ ಉಳಿದಳು. ಹೊರಗೆ ಕೂಗು ಎದ್ದಿತು. ಎತ್ತುಗಳು ನೊಗಕ್ಕೆ ಹೆಗಲು ಕೊಟ್ಟವು. ಮನೆ ಒಮ್ಮೆ ನರಳಿ, ನಡುಗಿ, ದಂಡೆಯ ಕಡೆಗೆ ಹೊರಟಿತು. ಕಿಟಕಿಯಲ್ಲಿ ಸೇಬಿನ ಮರಗಳು ಒಂದೊಂದಾಗಿ ಹಿಂದೆ ಸರಿದವು. ದೊಮಿತಿಲಾ ಅವುಗಳಿಗೆ ಬೆನ್ನು ತಿರುಗಿಸಿ ಆಲೂಗಡ್ಡೆ ತುರಿಯುತ್ತಿದ್ದಳು.

"ಏನಜ್ಜಿ ಮಾಡ್ತಿದ್ದೀಯ?"

"ಮಿಲ್ಕಾವೊ ರೊಟ್ಟಿ ತಟ್ಟಬೇಕು. ಮಧ್ಯಾಹ್ನಕ್ಕೆ ಏನು ತಿಂತೀಯ? ಅಲೇನಾ?"

ಒಲೆ ಹೊತ್ತಿಸಬಾರದೆಂದು ಬೆಲಾರ್ಮಿನೊ ಕಟ್ಟುನಿಟ್ಟಾಗಿ ಹೇಳಿದ್ದ. ದೊಮಿತಿಲಾ ಅದನ್ನು ಕಿವಿಯಾರೆ ಕೇಳಿಯೂ ಇದ್ದಳು. ಉಬ್ಬರ ಏರಿ, ಪೀಪಾಯಿಗಳು ಎದ್ದು, ಮನೆ ನೆಲ ಬಿಟ್ಟು ನೀರಿನ ಮೇಲೆ ಮೆಲ್ಲಗೆ ತೊನೆದಾಗ ದಂಡೆಯ ಜನ ಹೋ ಎಂದು ಟೋಪಿ ಹಾರಿಸಿದರು. ಹಾರಿಸಿದ ಟೋಪಿ ಕೆಳಗೆ ಬೀಳುವಷ್ಟರಲ್ಲಿ ಮನೆಯ ಹೊಗೆಕೊಳವೆಯಿಂದ ದಟ್ಟವಾದ ಬಿಳಿ ಹೊಗೆ ಹೊರಟಿತು.

"ಮುದುಕೀ! ಒಲೆ ಆರಿಸೇ!" ಎಂದು ಬೆಲಾರ್ಮಿನೊ ತನ್ನ ಹುಟ್ಟುದೋಣಿಯಲ್ಲಿ ನಿಂತು ಕೂಗಿದ.

ಕಿಟಕಿಯಿಂದ ದೊಮಿತಿಲಾ ಹಿಟ್ಟಿನ ಕೈ ತೋರಿಸಿದಳು. "ಬಾ, ಒಳಗೆ ಬಂದು ಆರಿಸು!"

ಹೀಗೆ ಹೊಗೆಯುಗುಳುತ್ತ ಮನೆ ಸಮುದ್ರಕ್ಕಿಳಿಯಿತು. ಮುಂದೆ ಒನೊಫ್ರೆಯ ಲಾಂಚು, ಪಕ್ಕದಲ್ಲಿ ಬೆಲಾರ್ಮಿನೊನ ಹುಟ್ಟುದೋಣಿ, ಹಿಂದೆ ಊರವರ ದೋಣಿಗಳ ಸಾಲು. ದೂರದ ಊರಿಗೆ ಜನರನ್ನು ಕೊಂಡೊಯ್ಯುತ್ತಿದ್ದ ಲಾಂಚೊಂದು ಎದುರಾಯಿತು. ಅದರ ಚಾಲಕ ಅಭ್ಯಾಸಬಲದಿಂದ ಪೀಪಿ ಊದಿ, "ಎಲ್ಲಿಗೆ ಹೊರಟ್ರಿ?" ಎಂದ.

"ನನ್ನನ್ನೇನು ಕೇಳ್ತೀಯ? ಆ ದೋಣೀಲಿರೋ ಮುದುಕನ್ನ ಕೇಳು. ನಾನು ಮನೇಲಿದ್ದೀನಿ" ಎಂದಳು ದೊಮಿತಿಲಾ.

ನಡುನೀರಿಗೆ ಬಂದಾಗ ಒನೊಫ್ರೆಯ ಎಂಜಿನ್ ಕೆಮ್ಮಿತು. ಇನ್ನೆರಡು ಸಲ ಕೆಮ್ಮಿ ನಿಂತೇಹೋಯಿತು. ಅದನ್ನು ಅವನು ಬೈದ, ಒದ್ದ, ಆಮೇಲೆ ತನಗೆ ಗೊತ್ತಿದ್ದ ಸಂತರಿಗೆಲ್ಲ ಹರಕೆ ಹೊತ್ತ. ಅಷ್ಟರಲ್ಲಿ ಸೆಳವು ಮನೆಯನ್ನು ಹಿಡಿದಾಗಿತ್ತು. ಮನೆ ತೆಂಕಣ ದಿಕ್ಕು ಬಿಟ್ಟು ಮೆಲ್ಲಗೆ ಸುತ್ತತೊಡಗಿತು. ಲಾಂಚು ಅದರ ಬಾಲದಂತೆ ಹಿಂದೆ ಹೊರಟಿತು. ಒಳಗೆ ಕೂತ ಇಸ್ಮೆನಿಯಾಗೆ ಅಡುಗೆಮನೆಯ ಕಿಟಕಿಯಲ್ಲಿ ಮೊದಲು ತಾಂಕೊಯ್ ಕಂಡಿತು, ಆಮೇಲೆ ಬರೀ ನೀರು, ಆಮೇಲೆ ಪುಯ್ಲೆನ್‌ನ ಗುಡಿಯ ಗೋಪುರ, ಆಮೇಲೆ ಟೋಪಿ ಬೀಸುತ್ತ ಏನೋ ಕೂಗುತ್ತಿದ್ದ ಅಜ್ಜ, ಮತ್ತೆ ತಾಂಕೊಯ್.

"ಅಜ್ಜಿ, ನಾವು ತಿರುಗ್ತಾ ಇದ್ದೀವಿ!"

"ಒಲೆ ಮೇಲಿನ ಬಾಣಲೆ ಹಿಡ್ಕೋ, ಜಾರುತ್ತೆ" ಎಂದಳು ದೊಮಿತಿಲಾ. ಆಲೂಗಡ್ಡೆ ಮುಗಿದಿದ್ದರೂ ಅವಳು ಸಿಪ್ಪೆಯನ್ನೇ ತುರಿಯುತ್ತಿದ್ದದ್ದನ್ನು ಇಸ್ಮೆನಿಯಾ ನೋಡಿದಳು. ಅಜ್ಜಿ ಒಲೆ ಹೊತ್ತಿಸಿದ್ದು ಹಟಕ್ಕಷ್ಟೇ ಅಲ್ಲ, ಕೈಗೆ ಕೆಲಸವಿಲ್ಲದಿದ್ದರೆ ಕೂಗಿಕೊಂಡುಬಿಡುತ್ತಿದ್ದಳು ಎಂದು ಅವಳಿಗೆ ಆಗ ಹೊಳೆಯಿತು. ಬಾಣಲೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಹೊರಗೆ ಬೆಲಾರ್ಮಿನೊಗೆ ಬೇರೆಯದೇ ಸಂಕಟ. ಮನೆ ಮುಳುಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಸೆಳವು ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ಬಡಗಣ ತುದಿಗೆ. "ಆ ಕಡೆ ಬೇಡ! ಆ ಕಡೆ ಬೇಡ!" ಎಂದು ಸಮುದ್ರಕ್ಕೇ ಗದರಿಸುತ್ತ ಹುಟ್ಟು ಹಾಕಿದ. ಮನೆಯ ಮೂಲೆಗೆ ಭುಜ ಕೊಟ್ಟು ತಳ್ಳಲು ನೋಡಿದ. ದೋಣಿಯೇ ಹಿಂದಕ್ಕೆ ಸರಿದು ತಾನು ಅರ್ಧ ನೀರಿಗೆ ಬಿದ್ದ. ಮನೆ ಮಾತ್ರ ಯಾವ ಆತುರವೂ ಇಲ್ಲದೆ, ಬೀಗರ ಮನೆಗೆ ಹೊರಟ ಹೆಂಗಸಿನ ಗತ್ತಿನಲ್ಲಿ ತೇಲುತ್ತ ಹೋಗಿ, ಉಬ್ಬರ ತುತ್ತತುದಿ ಮುಟ್ಟಿದ ಹೊತ್ತಿಗೆ ಎರಾಸ್ಮೊನ ಅಂಗಳದ ಅಂಚಿಗೆ ಹತ್ತಿ, ಎಡಕ್ಕೆ ಸ್ವಲ್ಪ ವಾಲಿ ಕೂತುಬಿಟ್ಟಿತು. ನೀರು ಇಳಿಯಿತು. ಮನೆ ಅಲ್ಲೇ ಉಳಿಯಿತು. ಬಾಗಿಲಿಗೆ ಬಾಗಿಲು ಎದುರು.

ಎರಾಸ್ಮೊ ಹೊಸ್ತಿಲಲ್ಲಿ ನಿಂತು ಬಿಸಿ ಮಾಟೆ ಕಷಾಯ ಹೀರುತ್ತಿದ್ದ. ಅವನು ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ ಮನುಷ್ಯ. ಅವನ ಮನೆಗೆ ಯಾರಾದರೂ ಬಂದು ಬಹಳ ಕಾಲವಾಗಿತ್ತು.

ದೊಮಿತಿಲಾ ಕಿಟಕಿಯಿಂದ ಕತ್ತು ಹೊರಗೆ ಹಾಕಿದಳು. "ಏನ್ ಭಾವ, ಆರಾಮಾಗಿದ್ದೀರಾ?"

"ಆರಾಮಾಗಿದ್ದೀನಮ್ಮ. ನೀವು ಬರೋದು ಗೊತ್ತಿದ್ದಿದ್ರೆ ಅಂಗಳ ಗುಡಿಸಿ ಇಡ್ತಿದ್ದೆ."

"ನಮಗೂ ಗೊತ್ತಿರ್ಲಿಲ್ಲ."

ಅಷ್ಟರಲ್ಲಿ ಬೆಲಾರ್ಮಿನೊ ಬಟ್ಟೆಯಿಂದ ನೀರು ಸುರಿಸುತ್ತ, ಬೂಟಿನಲ್ಲಿ ಪಚಪಚ ಸದ್ದು ಮಾಡುತ್ತ ದಂಡೆ ಹತ್ತಿ ಬಂದ. ಅಣ್ಣನನ್ನು ನೋಡಲಿಲ್ಲ. ಮನೆಯ ಸುತ್ತ ಒಂದು ಸುತ್ತು ಬಂದು ಕೊರಡು, ತೊಲೆ, ಮೂಲೆಗಳನ್ನು ತಟ್ಟಿ ತಟ್ಟಿ ನೋಡಿದ. ಹೊರಗೆ ಬಂದು ನಿಂತಿದ್ದ ಇಸ್ಮೆನಿಯಾಳನ್ನು ಎರಾಸ್ಮೊ ಕರೆದ.

"ಮಗಾ, ಆ ಮನುಷ್ಯನಿಗೆ ಹೇಳು, ಅವನ ಮನೆ ನನ್ನ ದೋಣಿ ಇಳಿಸೋ ದಾರಿಗೆ ಅಡ್ಡ ನಿಂತಿದೆ ಅಂತ."

"ತಾತಾ, ನಮ್ಮನೆ ದಾರಿಗೆ ಅಡ್ಡ ಇದೆಯಂತೆ."

"ಸಮುದ್ರ ತಂದು ಹಾಕಿರೋದು, ನಾನಲ್ಲ ಅಂತ ಹೇಳು. ದಂಡೆ ಏನು ಅವರಪ್ಪಂದಾ ಅಂತ ಕೇಳು."

"ಅವನಪ್ಪಾನೂ ನಮ್ಮಪ್ಪಾನೂ ಒಬ್ಬರೇ ಅಂತ ಹೇಳು!"

ಇಸ್ಮೆನಿಯಾ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿ ತಿರುಗಿ ಕತ್ತು ನೋಯಿಸಿಕೊಂಡಳು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಒಳಗಿನಿಂದ ಹಂದಿಯ ಕೊಬ್ಬಿನಲ್ಲಿ ಬೇಯುತ್ತಿದ್ದ ಮಿಲ್ಕಾವೊದ ವಾಸನೆ ಬರುತ್ತಿತ್ತು. "ಏನಾದ್ರೂ ಮಾಡ್ಕೊಳ್ಳಿ, ನಂಗೆ ಹಸಿವಾಗ್ತಿದೆ" ಎಂದು ಹೇಳಿ ಅವಳು ಒಳಗೆ ಹೊರಟುಹೋದಳು.

ಅಂಗಳದಲ್ಲಿ ಇಬ್ಬರೇ ಉಳಿದರು. ದೋಣಿಗಳಲ್ಲಿ ಬಂದ ಜನ ಇನ್ನೂ ದಂಡೆಯಲ್ಲೇ ದೂರಕ್ಕೆ ನಿಂತಿದ್ದರು, ಹತ್ತಿರ ಬರಲು ಯಾರಿಗೂ ಧೈರ್ಯವಿಲ್ಲ.

"ನನ್ನ ಬೀನ್ಸ್ ಪಾತಿ ಮೇಲೆ ಕೂತಿದೆ ನಿನ್ನ ಮನೆ!" ಎಂದು ಗದರಿದ ಎರಾಸ್ಮೊ.

"ಬೀನ್ಸಂತೆ! ನೋಡಿದ್ದೀನಿ, ಅದ್ರಲ್ಲಿ ಹುಲ್ಲೇ ಜಾಸ್ತಿ!"

"ಮನೆ ಸಾಗಿಸೋಕೆ ಬರದವನಿಗೆ ಬೀನ್ಸ್ ಬಗ್ಗೆ ಮಾತು ಬೇರೆ!"

"ಸಾಗಿಸೋಕೆ ಬರದೇ ಏನು? ಒಂದು ಹಲಗೆ ಬಿಟ್ಟಿದ್ಯಾ ನೋಡು! ಒಂದು ಹನಿ ನೀರು ಒಳಗೆ ಬಂದಿದ್ಯಾ ನೋಡು!"

ಒಳಗೆ ದೊಮಿತಿಲಾ ಮಿಲ್ಕಾವೊ ತಿರುವಿಹಾಕುತ್ತಿದ್ದ ಕೈ ನಿಲ್ಲಿಸಿದಳು. "ಇಸ್ಮೆನಿಯಾ," ಎಂದು ಪಿಸುಗುಟ್ಟಿದಳು, "ಮಾತಾಡ್ತಿದ್ದಾರೆ!"

"ಜಗಳ ಆಡ್ತಿದ್ದಾರೆ ಅಜ್ಜಿ."

"ಅದೇ ಕಣೇ. ಒಬ್ಬರಿಗೊಬ್ಬರು ಆಡ್ತಿದ್ದಾರೆ. ಅವರಿಗೇ ಗೊತ್ತಾಗಿಲ್ಲ. ಸದ್ದು ಮಾಡ್ಬೇಡ."

ಇಬ್ಬರೂ ಉಸಿರು ಬಿಗಿಹಿಡಿದು ಕಿಟಕಿಯ ಕೆಳಗೆ ಕೂತರು. ಮೆಟ್ಟಿಲ ತನಕ ಬಂದಿದ್ದ ಒನೊಫ್ರೆಗೆ ದೊಮಿತಿಲಾ ಹಿಟ್ಟಿನ ಕೈಯಲ್ಲೇ 'ಹೋಗು' ಎಂದು ಸನ್ನೆ ಮಾಡಿದಳು. ಅವನು ತುದಿಗಾಲಲ್ಲಿ ಹಿಂದಕ್ಕೆ ಹೋದ. ಜಗಳ ಬೀನ್ಸ್‌ನಿಂದ ಬೇಲಿಗೆ ಹೋಯಿತು, ಬೇಲಿಯಿಂದ ಚಿಕ್ಕಂದಿನಲ್ಲಿ ಯಾರೋ ಯಾರನ್ನೋ ಕೆಸರಿಗೆ ತಳ್ಳಿದ್ದಕ್ಕೆ, ಅಲ್ಲಿಂದ ಅಪ್ಪನ ಮಣ್ಣಿನ ದಿನಕ್ಕೆ.

"ಎಲ್ಲರ ಎದುರಿಗೆ ನಗಾಡಿದೆ ನೀನು! ನಾನು ಅಳ್ತಾ ಮಾಡಿದ ಪೆಟ್ಟಿಗೆ ಅದು!"

"ನಕ್ಕಿದ್ದು ನಾನಲ್ವೋ, ಊರೋರು!"

"ನಗಿಸಿದ್ದು ಯಾರು?"

"ಅಪ್ಪ ಬದುಕಿದ್ದಿದ್ರೆ ಎಲ್ಲರಿಗಿಂತ ಮೊದಲು ನಗ್ತಿದ್ದೋನು ಅವನೇ!"

ಅವರಪ್ಪ ನಗುವುದರಲ್ಲಿ ಹೆಸರಾದವನು. ಬೇರೆಯವರು ಜಾರಿಬಿದ್ದರೂ ನಗುತ್ತಿದ್ದ, ತಾನು ಬಿದ್ದರೂ ನಗುತ್ತಿದ್ದ. ಪಾದ್ರಿಯ ಉಪದೇಶದ ನಡುವೆ ಏನೋ ನೆನಪಾಗಿ ನಕ್ಕು ಹೊರಗೆ ಕಳಿಸಿಕೊಂಡವನು. ಬೆಲಾರ್ಮಿನೊ ಒಂದು ಬೂಟು ಕಳಚಿ ಒಳಗಿನ ನೀರು ಚೆಲ್ಲಿದ.

"ಅದು ನಿಜ," ಎಂದ. "ಆದ್ರೂ ನೀನು ಹಾಗನ್ನಬಾರದಾಗಿತ್ತು."

"ಅನ್ನಬಾರದಾಗಿತ್ತು. ಅದನ್ನ ಹೇಳೋಣ ಅಂತ ಬಂದಾಗಲೆಲ್ಲ ನೀನು ದೋಣಿ ತಿರುಗಿಸ್ಕೊಂಡು ಹೋಗ್ತಿದ್ದೆ. ಏನು, ಈಜ್ಕೊಂಡು ಬಂದು ಹೇಳ್ಬೇಕಿತ್ತಾ?"

ಬೆಲಾರ್ಮಿನೊಗೆ ಆಗ ಸೀನು ಬಂತು. ಒಂದಾದ ಮೇಲೊಂದು, ನಿಲ್ಲದೆ. ಎರಾಸ್ಮೊ ಅವನ ಒದ್ದೆ ಅಂಗಿ ನೋಡಿ, ಒಳಗೆ ಹೋಗಿ, ತನ್ನ ದಪ್ಪ ಉಣ್ಣೆಯ ಮೇಲಂಗಿ ತಂದು ತಮ್ಮನ ತಲೆಯ ಮೇಲಿನಿಂದ ಎಳೆದು ಹಾಕಿದ. ತೋಳು ಎಲ್ಲಿ, ಕತ್ತು ಎಲ್ಲಿ ಎಂದು ತಿಳಿಯದೆ ಬೆಲಾರ್ಮಿನೊ ಅದರೊಳಗೆ ತಡಕಾಡುತ್ತಿದ್ದಾಗ ದೊಮಿತಿಲಾ ಬಾಗಿಲು ತೆರೆದು, "ಇಬ್ಬರೂ ಬನ್ನಿ, ತಣ್ಣಗಾದ್ರೆ ನಾನು ಮತ್ತೆ ಬಿಸಿ ಮಾಡೋಳಲ್ಲ" ಎಂದಳು.

ವಾಲಿದ ಮನೆಯಲ್ಲಿ ಊಟಕ್ಕೆ ಕೂತವರೆಲ್ಲ ಎಡಗೋಡೆಯ ಕಡೆಗೆ ಜಾರುತ್ತಿದ್ದರು. ಮಿಲ್ಕಾವೊ ಸಾಲಲಿಲ್ಲ. ಮುಯ್ಯಾಳುಗಳ ಅಡುಗೆಗೆಂದು ತೆಂಕಣ ತುದಿಯಲ್ಲಿ ತೋಡಿಟ್ಟಿದ್ದ ಗುಂಡಿ ಅಲ್ಲೇ ಉಳಿದಿತ್ತು; ಎರಾಸ್ಮೊನ ಅಂಗಳದಲ್ಲೇ ಹೊಸ ಗುಂಡಿ ತೋಡಿ, ಕಲ್ಲು ಕಾಯಿಸಿ, ಕಪ್ಪೆಚಿಪ್ಪು, ಹಂದಿಮಾಂಸ, ಆಲೂಗಡ್ಡೆಗಳನ್ನು ಅಗಲ ಎಲೆಗಳಡಿ ಮುಚ್ಚಿ ಬೇಯಿಸಿದರು. ಅಣ್ಣ ತಮ್ಮ ಗುಂಡಿಯ ಆಳದ ಬಗ್ಗೆ ವಾದ ಮಾಡುತ್ತಿದ್ದರು.

ಮನೆ ಮತ್ತೆ ತೇಲಬೇಕಾದರೆ ಮುಂದಿನ ದೊಡ್ಡ ಉಬ್ಬರ ಬರಬೇಕಿತ್ತು. ಅದು ಬಂತು. ಒನೊಫ್ರೆ ಎಂಜಿನ್ ರಿಪೇರಿ ಮಾಡಿಸಿಕೊಂಡು, ಹಗ್ಗ ಬದಲಾಯಿಸಿ, ಜನ ಕಟ್ಟಿಕೊಂಡು ಬಂದ. ಬೆಲಾರ್ಮಿನೊ ಬೆರಳು ಒದ್ದೆ ಮಾಡಿ ಮೇಲೆತ್ತಿ ನೋಡಿದ. "ಇವತ್ತು ಬೇಡ. ಗಾಳಿ ಸರಿಯಿಲ್ಲ."

"ಅಜ್ಜಾ, ಒಂದೆಲೆ ಅಲ್ಲಾಡ್ತಿಲ್ಲ."

"ಅದಕ್ಕೇ ನಂಗೆ ಅನುಮಾನ."

ಅದರ ಮುಂದಿನ ಉಬ್ಬರಕ್ಕೆ ಎರಾಸ್ಮೊಗೆ ಸೊಂಟ ಹಿಡಿದುಕೊಂಡಿತ್ತು. ಅಂಥ ಸ್ಥಿತಿಯಲ್ಲಿ ಬಿಟ್ಟು ಹೋಗುವುದು ಹೇಗೆ? ಆಮೇಲಿನದಕ್ಕೆ ದೊಮಿತಿಲಾ ತಾನೇ ಒನೊಫ್ರೆಯನ್ನು ಕರೆದು, "ಎತ್ತು ತಗೊಂಡ್ಬಾ. ಈ ಮನೇನ ಭಾವನ ಮನೆ ಪಕ್ಕಕ್ಕೆ ಎಳೆದು ನೆಟ್ಟಗೆ ಕೂರಿಸು. ಹೀಗೇ ಇದ್ರೆ ಸರಿಯಿರೋ ಒಂದ್ ಕಾಲೂ ಸೊಟ್ಟ ಆಗುತ್ತೆ" ಎಂದಳು. "ಆಸ್ಪತ್ರೆ?" ಎಂದ ಬೆಲಾರ್ಮಿನೊ, ಮೊಣಕಾಲಿಗಾಗಿಯೇ ಇಷ್ಟೆಲ್ಲ ಮಾಡಿದ್ದು ನೆನಪಾಗಿ. "ನಡ್ಕೊಂಡು ಹೋಗ್ತೀನಿ," ಎಂದಳು ಅವಳು. ನಡೆದೇ ಹೋಗುತ್ತಿದ್ದಳು. ದಿನವೂ ಗುಡ್ಡ ಹತ್ತಿ ಇಳಿದು ಮೊಣಕಾಲೂ ಕ್ರಮೇಣ ಅರ್ಧ ವಾಸಿಯಾಯಿತು. ಅದಕ್ಕೆ ತಾನೇ ಕಾರಣವೆಂದು ಬೆಲಾರ್ಮಿನೊ ಎಲ್ಲರ ಹತ್ತಿರ ಹೇಳಿಕೊಂಡ.

ಅಣ್ಣ ತಮ್ಮ ಅಷ್ಟು ವರ್ಷ ಆಡದೆ ಉಳಿಸಿದ ಮಾತನ್ನೆಲ್ಲ ಆಮೇಲೆ ಜಗಳದಲ್ಲೇ ತೀರಿಸಿಕೊಂಡರು. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಶುರು. ಹವೆಯ ಬಗ್ಗೆ, ಹಂದಿಯ ಬಗ್ಗೆ, ಸತ್ತ ಚಿಕ್ಕಪ್ಪನ ಹೆಸರಿನ ಬಗ್ಗೆ. ಒಬ್ಬರ ಮನೆಯಲ್ಲಿ ಸದ್ದಿಲ್ಲದಿದ್ದರೆ ಇನ್ನೊಬ್ಬ ಬಂದು ಬಾಗಿಲು ಬಡಿದು, "ಸತ್ತೋದ್ಯೇನೋ?" ಎಂದು ಕೇಳುತ್ತಿದ್ದ. ಇಸ್ಮೆನಿಯಾ ಓದಿ ಪುಯ್ಲೆನ್‌ನ ಶಾಲೆಯಲ್ಲೇ ಮೇಡಂ ಆದಳು. ಸಂಜೆ ದಾರಿಯ ತಿರುವಿಗೆ ಬರುವಾಗಲೇ ಇಬ್ಬರ ಗಂಟಲೂ ಕೇಳುತ್ತಿತ್ತು, ಅವಳಿಗೆ ಮನೆ ಬಂತು ಎಂದು ಅನ್ನಿಸುತ್ತಿದ್ದದ್ದು ಆಗಲೇ.

ಒಂದು ಶರತ್ಕಾಲದ ಮಧ್ಯಾಹ್ನ, ಊಟವಾದ ಮೇಲೆ, ಅರ್ಧ ಹೆರೆದ ಹಲಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿಲಿಗೆ ಕೂತಿದ್ದ ಬೆಲಾರ್ಮಿನೊ ಕೂತಲ್ಲೇ ಹೋದ. ಯಾರಿಗೂ ತೊಂದರೆ ಕೊಡಲಿಲ್ಲ. ಒಂಬತ್ತು ದಿನದ ಪ್ರಾರ್ಥನೆಯನ್ನು ಎರಾಸ್ಮೊನೇ ಹೇಳಿಸಿದ. ತಾಂಕೊಯ್‌ನಿಂದ ದೋಣಿ ದೋಣಿ ಜನ ಬಂದರು. ಮನೆ ತೇಲಿದ ದಿನ ಹಗ್ಗ ಹಿಡಿದಿದ್ದು ತಾನೇ ಎಂದು ಎಷ್ಟೋ ಜನ ಹೇಳಿಕೊಂಡರು. ಅವರೆಲ್ಲ ನಿಜವಾಗಿ ಹಿಡಿದಿದ್ದರೆ ಮನೆ ಅಲ್ಲಾಡುತ್ತಲೇ ಇರಲಿಲ್ಲ ಎಂದಳು ದೊಮಿತಿಲಾ. ಇಸ್ಮೆನಿಯಾಳ ಅಪ್ಪ ಅಮ್ಮ ಬಂದು, ಅತ್ತು, ಬಂದವರಿಗೆಲ್ಲ ಬಡಿಸಿದರು.

ಎರಾಸ್ಮೊ ಮಾತ್ರ ಇಸ್ಮೆನಿಯಾಗೆ ಚಿಂತೆ ಹುಟ್ಟಿಸಿದ. ಅವನು ಎಲ್ಲದಕ್ಕೂ ಒಪ್ಪುತ್ತಿದ್ದ. ಮಳೆ ಬರಬಹುದು ಎಂದು ಒಬ್ಬರು ಅಂದರೆ "ಬರಬಹುದು" ಎನ್ನುತ್ತಿದ್ದ. ಅದೇ ಉಸಿರಿನಲ್ಲಿ ಇನ್ನೊಬ್ಬರು ಬರಲ್ಲ ಎಂದರೆ "ಬರಲ್ಲ" ಎನ್ನುತ್ತಿದ್ದ. ಅವನ ದೊಡ್ಡ ಗಂಟಲು ಎಲ್ಲೋ ಒಳಗೆ ಇಳಿದುಹೋಗಿತ್ತು.

ಕಡೆಯ ದಿನ ಊಟ ಮುಗಿಸಿ ಜನರೆಲ್ಲ ಇಳಿತ ಶುರುವಾಗುವ ಮೊದಲು ದೋಣಿ ಹತ್ತಿ ಹೊರಟರು. ಇಸ್ಮೆನಿಯಾಳ ಅಪ್ಪ ಅಮ್ಮ ಅವರನ್ನು ಬೀಳ್ಕೊಡಲು ದಂಡೆಗೆ ಇಳಿದರು. ದೊಮಿತಿಲಾ ಒಳಗೆ ಪಾತ್ರೆ ಒರೆಸುತ್ತಿದ್ದಳು. ಎರಾಸ್ಮೊ ತನ್ನ ಮನೆಯ ಮುಂದಿನ ಹಲಗೆಯ ಮೇಲೆ ಒಬ್ಬನೇ ಕೂತಿದ್ದ. ಇಸ್ಮೆನಿಯಾ ಹೋಗಿ ಅವನ ಪಕ್ಕ ಕೂತಳು. ಸಮಾಧಾನದ ಮಾತು ಏನಾದರೂ ಹೇಳಬೇಕೆಂದು ಹುಡುಕಿದಳು.

"ದೊಡ್ಡ ತಾತಾ," ಎಂದಳು ಕಡೆಗೆ, "ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ವರ್ಷ ನೀವು ಮಾಡಿದ ಸೇಬಿನ ಹೆಂಡ ಸ್ವಲ್ಪ ಹುಳಿ ಬಂದಿತ್ತು."

ಎರಾಸ್ಮೊ ತಿರುಗಲಿಲ್ಲ. "ಇರಬಹುದು" ಎಂದ.

"ಹುಳಿ ಅಂದ್ರೆ ಏನು, ಕುದುರೆಗೆ ಕೊಟ್ರೂ ಮೂಸಲ್ಲ. ನಮ್ಮ ತಾತ ಮಾಡಿದ್ದಾಗಿದ್ರೆ..."

"ನಿಮ್ಮ ತಾತಾನಾ?" ಎರಾಸ್ಮೊ ನಿಧಾನವಾಗಿ ಅವಳ ಕಡೆ ಕತ್ತು ಹೊರಳಿಸಿದ. "ಏನಂದೆ? ಅವನಿಗೆ ಹೆಂಡ ಮಾಡೋಕೆ ಬರ್ತಿತ್ತಾ? ಅವನು ಪೀಪಾಯಿಯ ಬಾಯಿ ಮುಚ್ಚೋದನ್ನೇ ಮರೆಯೋನು! ನೊಣ ಸೋಸಿ ಕುಡೀಬೇಕಿತ್ತು!"

"ನೊಣ ಇದ್ರೂ ಸಿಹಿ ಇರ್ತಿತ್ತು."

"ಸಿಹಿ! ಮೇಡಂ ಆಗಿದ್ದೀಯ, ನಾಲಿಗೆ ಎಲ್ಲಿಟ್ಟಿದ್ದೀಯ? ಈ ವರ್ಷದ್ದೇ ಒಂದು ಜಾಡಿ ಒಳಗಿದೆ, ಈಗಲೇ ತರ್ತೀನಿ, ಕುಡಿದು ಹೇಳು!"

ಅವನು ಮೊಣಕಾಲಿಗೆ ಕೈಯೂರಿ ಎದ್ದ. ಅಡುಗೆಮನೆಯ ಕಿಟಕಿ ದಡಾರನೆ ತೆರೆದುಕೊಂಡಿತು.

"ಭಾವ, ನಂಗೂ ಒಂದು ಲೋಟ ತನ್ನಿ," ಎಂದಳು ದೊಮಿತಿಲಾ. "ಹುಳಿ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ?"